ಬೆಳಗಿನ ಜಾವದ ಕನಸು

ಹೋದ ತಿಂಗಳು ಬೆಳಗ್ಗೆ ಐದೂಕಾಲಿಗೆ ಅಮ್ಮನ ಫೋನು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಿಂದ ಆ ಹೊತ್ತಿಗೆ ಫೋನು ಬಂದರೆ ಎದೆ ಧಸಕ್ಕೆನ್ನುತ್ತದೆ. "ಎಲ್ಲಾರೂ ಚೆನ್ನಾಗಿದ್ದೀರೇನೋ?" ಎಂದಳು. ಚೆನ್ನಾಗಿದ್ದೇವೆ ಎಂದೆ. "ಮಕ್ಕಳು?" ಇನ್ನೂ ಎದ್ದಿಲ್ಲ ಎಂದೆ. ಆಮೇಲೆ ವಿಷಯ ಹೊರಬಂತು. ಕನಸಿನಲ್ಲಿ ಅವಳ ಬಲಗಡೆ ದವಡೆ ಹಲ್ಲು ಕಳಚಿ ಅಂಗೈಗೆ ಬಿದ್ದಿತ್ತಂತೆ. ಹಲ್ಲು ಬಿದ್ದರೆ ಮನೆಯಲ್ಲಿ ಯಾರಿಗೋ ಕೇಡು. ಕನಸು ತಾನೇ, ಬಿಡಮ್ಮ ಎಂದರೆ, "ನಡುರಾತ್ರೀದಾಗಿದ್ರೆ ಬಿಡ್ತಿದ್ದೆ ಕಣೋ. ಇದು ಬೆಳಗಿನ ಜಾವದ್ದು. ಸುಳ್ಳಾಗಲ್ಲ" ಎಂದಳು. ನನ್ನದಾದ ಮೇಲೆ ಇಬ್ಬರು ಅಕ್ಕಂದಿರಿಗೂ, ಮುಳಬಾಗಿಲಿನ ಸೋದರಮಾವನಿಗೂ ಫೋನು ಹೋಗಿದೆ.

ಹಲ್ಲಿನ ಮಾತು ಆಮೇಲೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಯ ಮೇಲೆ ನನಗೆ ವರ್ಷಗಳಿಂದ ಒಂದು ಬಗೆಯ ಪ್ರೀತಿ. ಅದರೊಳಗೆ ಬಹಳ ಸೂಕ್ಷ್ಮವಾದ ಗಮನಿಕೆಯೊಂದು ಕೂತಿದೆ. ನಮ್ಮ ಹಿರಿಯರು ಕಂಡದ್ದು ಸರಿಯಾಗಿಯೇ ಇತ್ತು, ಅದಕ್ಕೆ ಕೊಟ್ಟ ಕಾರಣ ದಾರಿ ತಪ್ಪಿತು.

ಅಗ್ನಿಪುರಾಣದಲ್ಲಿ ಇದಕ್ಕೊಂದು ಲೆಕ್ಕವೇ ಇದೆ. ರಾತ್ರಿಯ ಮೊದಲ ಜಾವದ ಕನಸು ಫಲಿಸಲು ಒಂದು ವರ್ಷ ಬೇಕು, ಎರಡನೆಯ ಜಾವದ್ದಕ್ಕೆ 6 ತಿಂಗಳು, ಮೂರನೆಯದಕ್ಕೆ 3 ತಿಂಗಳು, ನಾಲ್ಕನೆಯದಕ್ಕೆ ಅರ್ಧ ತಿಂಗಳು, ಅರುಣೋದಯದ್ದಕ್ಕೆ 10 ದಿನ. ಹಳೆಯ ಆಯುರ್ವೇದ ಗ್ರಂಥವಾದ ಚರಕಸಂಹಿತೆಯ ಇಂದ್ರಿಯಸ್ಥಾನ ಎಂಬ ಭಾಗದಲ್ಲೂ ಇದೇ ಧಾಟಿ. ಮುನ್ನಿರುಳ ಕನಸಿನ ಫಲ ಅಲ್ಪ, ಕಂಡ ಮೇಲೆ ಮತ್ತೆ ನಿದ್ದೆ ಮಾಡದಿದ್ದರೆ ಆ ಕನಸಿನ ಫಲ ದೊಡ್ಡದು. ಇತ್ತ ಗಂಗೆ ಯಮುನೆಯಿಂದ ಬಹಳ ದೂರದ ರೋಮಿನಲ್ಲಿ ಹೊರೇಸ್ ಎಂಬ ಕವಿಯೂ ನಡುರಾತ್ರಿ ಕಳೆದ ಮೇಲಿನ ಕನಸೇ ನಿಜ ಎಂದು ಬರೆದ. ಇಷ್ಟು ದೂರ ದೂರದವರು ಒಂದೇ ಮಾತು ಆಡುತ್ತಾರೆಂದರೆ, ಎಲ್ಲರ ತಲೆಬುರುಡೆಯೊಳಗೂ ಏನೋ ಒಂದು ಒಂದೇ ಥರ ನಡೆಯುತ್ತಿರಬೇಕು.

ಅದು ಏನೆಂದು ಗೊತ್ತಾಗತೊಡಗಿದ್ದು 1953ರಲ್ಲಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಯುಜೀನ್ ಅಸೆರಿನ್‌ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ಕಣ್ಣಿನ ಸುತ್ತ ತಂತಿ ಅಂಟಿಸಿ ಮಲಗಿಸಿದ್ದ. ನಿದ್ದೆ ಹತ್ತಿದ ಮಗುವಿನ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಆಗಾಗ ದಡಬಡ ಓಡಾಡುತ್ತಿದ್ದವು. ಅವನೂ ಅವನ ಗುರು ನಥಾನಿಯಲ್ ಕ್ಲೈಟ್‌ಮನ್ನನೂ ದೊಡ್ಡವರನ್ನು ಮಲಗಿಸಿ, ಸರಿಯಾಗಿ ಆ ಹೊತ್ತಿನಲ್ಲೇ 27 ಸಲ ಎಬ್ಬಿಸಿ ಕೇಳಿದರು. 20 ಸಲ ಕಣ್ಣಿಗೆ ಕಟ್ಟುವಂಥ ಕನಸಿನ ವರದಿ ಸಿಕ್ಕಿತು. ಇದೇ ರೆಮ್ ನಿದ್ದೆ, ಅಂದರೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ನಿದ್ದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಈ ರೆಮ್ ನಿದ್ದೆ ರಾತ್ರಿಯುದ್ದಕ್ಕೂ ಸಮನಾಗಿ ಹಂಚಿಲ್ಲ. ಸುಮಾರು 90 ನಿಮಿಷಕ್ಕೊಮ್ಮೆ ಸುತ್ತು ಬರುತ್ತದೆ, ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ ಇದ್ದು ಹೋಗುತ್ತದೆ, ಬೆಳಗಾಗುತ್ತಾ ಬಂದಂತೆ ಅರ್ಧ ಗಂಟೆ ದಾಟಿದರೂ ದಾಟೀತು. ರಾಗಿ ಬೀಸುವಾಗ ಮೊದಲ ಸುತ್ತುಗಳಲ್ಲಿ ಅಂಚಿಗೆ ಹಿಟ್ಟು ಕಾಣುವುದೇ ಕಷ್ಟ, ಆಮೇಲೆ ಸುರಿಯತೊಡಗುತ್ತದಲ್ಲ, ಹಾಗೆ. ಎಲ್ಲಕ್ಕಿಂತ ಉದ್ದದ, ಬಣ್ಣದ, ಗದ್ದಲದ ಕನಸು ಬೀಳುವುದು ಕೋಳಿ ಕೂಗುವ ಹೊತ್ತಿಗೇ.

ಇದು ಅರ್ಧ ಕಥೆ. ಉಳಿದರ್ಧ ಇರುವುದು ಮರೆವಿನಲ್ಲಿ. ಮಿದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ನರಗುಚ್ಛವಿದೆ. ಎಚ್ಚರದಲ್ಲಿ ಅದು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಮಿದುಳಿಗೆಲ್ಲ ಹಂಚುತ್ತದೆ. ನೆನಪು ಗಟ್ಟಿಯಾಗಿ ಊರಲು ಅದು ಬೇಕು. ರೆಮ್ ನಿದ್ದೆಯಲ್ಲಿ ಈ ಗುಚ್ಛ ಹೆಚ್ಚುಕಡಿಮೆ ಪೂರ್ತಿ ಮೌನ. ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನೆನೆಸಿಕೊಳ್ಳಿ. ರಾತ್ರಿಯೆಲ್ಲ ಮೂಟೆ ಮೂಟೆ ಗೂಡು ಬಂದು ಬೀಳುತ್ತಿದೆ, ಬರೆದುಕೊಳ್ಳುವ ಗುಮಾಸ್ತ ಮಾತ್ರ ಮನೆಯಲ್ಲಿ ಮಲಗಿದ್ದಾನೆ. ಯಾರ ಲಾಟು, ಎಷ್ಟು ತೂಕ, ಯಾವುದೂ ದಾಖಲಾಗುತ್ತಿಲ್ಲ. ಬೆಳಗ್ಗೆ ಅವನು ಬಾಗಿಲು ತೆಗೆದಾಗ ಹೊಸ್ತಿಲ ಹತ್ತಿರ ಯಾವ ಮೂಟೆ ಬಿದ್ದಿದೆಯೋ ಅದೊಂದೇ ಪುಸ್ತಕಕ್ಕೆ ಹತ್ತುತ್ತದೆ. ಒದ್ದೆ ಸ್ಲೇಟಿನ ಮೇಲೆ ಬರೆದಂತೆ ಎಂದರೂ ಸರಿಯೇ. ಬಳಪ ಆಡುತ್ತಿರುತ್ತದೆ, ಅಕ್ಷರ ನಿಲ್ಲುವುದಿಲ್ಲ, ಆರತೊಡಗಿದ ಮೇಲೆ ಬರೆದ ಕೊನೇ ಸಾಲು ಮಾತ್ರ ಉಳಿಯುತ್ತದೆ. 2019ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇನ್ನೊಂದು ಮೆಟ್ಟಿಲು ಹತ್ತಿದರು. ಮಿದುಳಿನ ಹೈಪೋಥಲಾಮಸ್ ಎಂಬ ಭಾಗದ ಕೆಲವು ನರಕೋಶಗಳು ರೆಮ್ ನಿದ್ದೆಯಲ್ಲಿ ನೆನಪನ್ನು ಅಳಿಸುವ ಕಡೆಗೇ ಕೆಲಸ ಮಾಡುತ್ತವೆ ಎಂದು ತೋರಿಸಿದರು.

ನಡುರಾತ್ರಿಯ ಕನಸು ಫಲಿಸದೆ ಇರುವುದಕ್ಕೆ ಕಾರಣ ಇಷ್ಟೇ, ಅದು ಯಾರಿಗೂ ನೆನಪಿರುವುದಿಲ್ಲ. ನೆನಪಿಲ್ಲದ ಕನಸನ್ನು ನಾಳೆಯ ಸಂಗತಿಯ ಜೊತೆ ಯಾರು ತಾಳೆ ನೋಡುತ್ತಾರೆ? ಮತ್ತೆ ನಿದ್ದೆ ಮಾಡದಿದ್ದರೆ ಫಲ ದೊಡ್ಡದು ಎಂದ ಚರಕನ ಸಾಲನ್ನು ಈಗ ಇನ್ನೊಮ್ಮೆ ಓದಿಕೊಳ್ಳಿ.

ಆಸ್ಟ್ರಿಯಾದ ಔಷಧವಿಜ್ಞಾನಿ ಓಟೊ ಲೋವಿಗೆ ಈ ಮರೆವು ಎಷ್ಟು ಕಾಡಿತೆಂದು ಅವನೇ ಹೇಳಿಕೊಂಡಿದ್ದಾನೆ. ನರಗಳು ಹೃದಯಕ್ಕೆ ಸಂದೇಶ ಕಳಿಸುವುದು ರಾಸಾಯನಿಕದ ಮೂಲಕವೇ ಎಂದು ಪರೀಕ್ಷಿಸುವ ದಾರಿಯೊಂದು ರಾತ್ರಿ ಕನಸಿನಲ್ಲಿ ಹೊಳೆಯಿತು. ಎದ್ದು ಚೀಟಿಯ ಮೇಲೆ ಗೀಚಿ ಮಲಗಿದ. ಬೆಳಗ್ಗೆ ಆ ಗೀಚು ಅವನಿಗೇ ಓದಲಾಗಲಿಲ್ಲ, ಕನಸೂ ನೆನಪಿಲ್ಲ. ಮಾರನೇ ರಾತ್ರಿ ಮೂರು ಗಂಟೆಗೆ ಅದೇ ಮತ್ತೆ ಬಂತು. ಈ ಸಲ ಮಲಗದೆ ನೇರ ಪ್ರಯೋಗಾಲಯಕ್ಕೆ ಹೋಗಿ ಎರಡು ಕಪ್ಪೆಗಳ ಹೃದಯ ತೆಗೆದು ಪರೀಕ್ಷೆ ಮುಗಿಸಿಬಿಟ್ಟ. ಅದರ ಫಲ 1936ರ ನೊಬೆಲ್. ಆ ವಿಚಾರ ಎಷ್ಟೋ ವರ್ಷಗಳ ಹಿಂದೆಯೇ ಅವನ ತಲೆಗೆ ಬಂದು ಹೋಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು. ದೇವದೂತರು ತಂದು ಕೊಟ್ಟದ್ದಲ್ಲ.

ನಮ್ಮ ಮನೆಯಲ್ಲಿ ಕನಸಿನ ಮಾತು ಜಾಸ್ತಿ, ಅದಕ್ಕೂ ಕಾರಣ ಈಗ ಹೊಳೆಯುತ್ತದೆ. ನಮ್ಮದು ಹುಳು ಮೇಯಿಸುವ ಮನೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ರೇಷ್ಮೆಹುಳುವಿಗೆ ಹಸಿವೋ ಹಸಿವು. ಆ ಒಂದು ವಾರ ಅಜ್ಜಿ ರಾತ್ರಿ ಹೊತ್ತು ಎದ್ದೆದ್ದು ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ನಡುನಿದ್ದೆಯಲ್ಲಿ ಎದ್ದವರಿಗೆ ಗುಮಾಸ್ತ ಬಂದಂತೆಯೇ, ಕನಸು ದಾಖಲಾಗಿಬಿಡುತ್ತದೆ. ಅವಳದು ಹೆಚ್ಚಾಗಿ ಒಂದೇ ಕನಸು: "ಮಳೆ ಅಂದ್ರೆ ಮಳೆ ಕಣಪ್ಪ, ಕೆರೆ ಕೋಡಿ ಹರೀತಿತ್ತು." ಎದ್ದು ಬಾಗಿಲು ತೆಗೆದರೆ ಅಂಗಳ ಒಣಗಿ ಬಿರಿದಿರುತ್ತಿತ್ತು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವಾಗ ಬರುವ ಸದ್ದು ಕೇಳಿದ್ದೀರಾ? ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೇ ಇರುತ್ತದೆ. ಅಜ್ಜಿ ಮಲಗುತ್ತಿದ್ದುದು ಆ ತಟ್ಟೆಗಳ ಪಕ್ಕದಲ್ಲೇ.

ಅರಿಸ್ಟಾಟಲ್ ಇದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದ! ನಿದ್ದೆಯಲ್ಲಿ ಕಿವಿಗೆ ಬಿದ್ದ ಸಣ್ಣ ಸದ್ದು ಗುಡುಗಾಗುತ್ತದೆ, ಗಂಟಲಲ್ಲಿ ಕಫ ಇಳಿದರೆ ಜೇನು ಸವಿದಂತಾಗುತ್ತದೆ, ಮೈಗೆ ತುಸು ಬಿಸಿ ತಾಗಿದರೆ ಬೆಂಕಿಯ ಮೇಲೆ ನಡೆದಂತಾಗುತ್ತದೆ ಎಂದ. 1958ರಲ್ಲಿ ಡಿಮೆಂಟ್ ಮತ್ತು ವೋಲ್ಪರ್ಟ್ ಇದನ್ನೇ ಅಳೆದರು. ರೆಮ್ ನಿದ್ದೆಯಲ್ಲಿದ್ದವರ ಮೈಗೆ ತಣ್ಣೀರು ಚಿಮುಕಿಸಿ ಸ್ವಲ್ಪ ಹೊತ್ತಿನ ಮೇಲೆ ಎಬ್ಬಿಸಿದರೆ, ನೂರಕ್ಕೆ 42ರಷ್ಟು ಕನಸುಗಳಲ್ಲಿ ನೀರು ಹೇಗೋ ಸೇರಿಕೊಂಡಿತ್ತು.

ಈಗ ಅಮ್ಮನ ಹಲ್ಲು. ಕನಸಿಗೆ ಅರ್ಥ ಹೇಳುತ್ತಿದ್ದ ಎರಡನೇ ಶತಮಾನದ ಗ್ರೀಕ್ ಲೇಖಕ ಆರ್ಟಿಮಿಡೋರಸ್ ಸಂತೆ, ಜಾತ್ರೆ ಸುತ್ತಿ, ಕಣಿ ಹೇಳುವವರ ಜೊತೆ ಕೂತು ಕನಸುಗಳನ್ನು ಕೂಡಿಹಾಕಿ ಐದು ಸಂಪುಟ ಬರೆದ. ಅವನ ಪ್ರಕಾರ ಬಾಯಿ ಅಂದರೆ ಮನೆ, ಹಲ್ಲು ಅಂದರೆ ಮನೆಮಂದಿ. ಮುಂದಿನ ಹಲ್ಲು ಎಳೆಯರು, ದವಡೆ ಹಲ್ಲು ಮುದುಕರು, ಯಾವುದು ಬಿದ್ದರೆ ಅವರಿಗೆ ಕೇಡು. ನಮ್ಮೂರ ಕಟ್ಟೆಯ ಮೇಲೆ ಕೂತು ಹೇಳಿದಂತಿಲ್ಲವೇ? ಆದರೆ 2018ರಲ್ಲಿ ಇಸ್ರೇಲಿನ ಸಂಶೋಧಕರು 210 ಜನರನ್ನು ವಿಚಾರಿಸಿದಾಗ, ಹಲ್ಲಿನ ಕನಸು ಮನಸ್ಸಿನ ಸಂಕಟದ ಜೊತೆ ತಳಕು ಹಾಕಿಕೊಂಡಿರಲಿಲ್ಲ. ಎದ್ದಾಗ ಹಲ್ಲು, ವಸಡು, ದವಡೆ ಬಿಗಿದಂತಿರುವವರಿಗೆ ಆ ಕನಸು ಹೆಚ್ಚು.

ಕನಸಿಗೆ ಅರ್ಥ ಹುಡುಕಿದ ಕಥೆಗಳಲ್ಲಿ ನಮ್ಮ ನಾಡಿನದೇ ಒಂದು ದೊಡ್ಡದಿದೆ. ಚಂದ್ರಗುಪ್ತ ಮೌರ್ಯ 16 ಕನಸು ಕಂಡ, ಅದರಲ್ಲೊಂದು ಹನ್ನೆರಡು ಹೆಡೆಯ ಸರ್ಪ. ಗುರು ಭದ್ರಬಾಹು ಅದಕ್ಕೆ 12 ವರ್ಷದ ಕ್ಷಾಮ ಎಂದು ಅರ್ಥ ಹೇಳಿದ, ಸಂಘ ದಕ್ಷಿಣಕ್ಕೆ ಹೊರಟಿತು ಎನ್ನುತ್ತದೆ ಜೈನ ಪರಂಪರೆ. ಶ್ರವಣಬೆಳಗೊಳದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಈ ಗುರುಶಿಷ್ಯರ ಕಥೆಯನ್ನು ಬೆರಳಗಲದ ಚಿತ್ರಗಳಲ್ಲಿ ಕೆತ್ತಿದ್ದಾರೆ, ನೋಡಲು ಎರಡು ಕಣ್ಣು ಸಾಲದು. ಬೃಹದಾರಣ್ಯಕ ಉಪನಿಷತ್ತು ಮಾತ್ರ ಭವಿಷ್ಯದ ಗೋಜಿಗೇ ಹೋಗದೆ, ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ, ಕನಸು ಕಾಣುವವನೇ ಎಲ್ಲ ಸೃಷ್ಟಿಸಿಕೊಳ್ಳುತ್ತಾನೆ ಎಂದಿತು. ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಕಣಿ ಹೇಳುವವನು ಮುಂದಕ್ಕೆ ಓದಿದ ಕನಸನ್ನು ಅವನು ಹಿಂದಕ್ಕೆ, ಅಂದರೆ ಕಳೆದ ಬದುಕಿನ ಕಡೆಗೆ ಓದಿದ, ಸಂಕೇತದ ಪಟ್ಟಿಯನ್ನು ಮಾತ್ರ ಪೂರ್ತಿ ಕೈಬಿಡಲಿಲ್ಲ.

ನನಗೆ ಸಿಟ್ಟು ಬರುವುದು ಅಮ್ಮನಂಥವರ ಮೇಲಲ್ಲ, ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ. ದೇವರು ಕನಸಿನಲ್ಲಿ ನಿಧಿ ತೋರಿಸಿದ ಎಂದು ಹೇಳಿ ಹಳೇ ಗುಡಿಗಳ ಗರ್ಭಗುಡಿಯನ್ನೇ ಅಗೆದವರಿದ್ದಾರೆ. ನಿಧಿಯ ಹೆಸರಿನ ಅಮಾನುಷ ಆಚರಣೆಗಳನ್ನೂ ಸೇರಿಸಿ ತಡೆಯುವ ರಾಜ್ಯದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲೇ ಪವಾಡಗಳ ಪರೀಕ್ಷೆಗೆ ಸಮಿತಿ ಕಟ್ಟಿದ್ದರು. ಅವರ ನೆಲದಲ್ಲಿ ಒಂದು ಸಾದಾ ಗುಣಾಕಾರವನ್ನಾದರೂ ಮಾಡೋಣ. ಒಬ್ಬರಿಗೆ ರಾತ್ರಿಗೆ ನಾಲ್ಕೇ ಸುತ್ತು ಕನಸು ಎಂದು ಹಿಡಿದರೂ ಐದು ಜನರ ಮನೆಯಲ್ಲಿ ವರ್ಷಕ್ಕೆ 7,300 ಸುತ್ತು. ಇಷ್ಟರಲ್ಲಿ ಒಂದೆರಡು ಯಾವುದೋ ಸಾವಿಗೋ ಮದುವೆಗೋ ಹೊಂದಿಕೊಳ್ಳದೆ ಹೋದರೆ ಅದೇ ಪವಾಡ.

ಚರಕನಿಗೆ ಮತ್ತೆ ಬರುತ್ತೇನೆ. ಅವನು ಕನಸನ್ನು ಏಳು ಬಗೆಯಾಗಿ ವಿಂಗಡಿಸಿದ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ಕೊನೆಗೆ ದೋಷಜ, ಅಂದರೆ ಮೈಯೊಳಗಿನ ಏರುಪೇರಿನಿಂದ ಹುಟ್ಟಿದ್ದು. ಮೊದಲ ಐದಕ್ಕೂ ಫಲವಿಲ್ಲವೆಂದು ವೈದ್ಯ ತಿಳಿಯಬೇಕು ಎಂದ. ಆರನೆಯದನ್ನು ನಾನು ಒಪ್ಪಲಾರೆ. ಏಳನೆಯದನ್ನು ಮನಸಾರೆ ಒಪ್ಪುತ್ತೇನೆ.

ಅದಕ್ಕೇ ಅಂದು ಸಂಜೆ ಅಮ್ಮನಿಗೆ ನಾನೇ ಫೋನು ಮಾಡಿ, ಬಲಗಡೆ ದವಡೆ ನೋಯುತ್ತಿದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹದಿನೈದು ದಿನದಿಂದ ಎದ್ದ ಕೂಡ್ಲೇ ಬಿಗೀತದೆ. ಮುದ್ದೆ ನುಂಗೋಕೆ ತೊಂದ್ರೆ ಇಲ್ವಲ್ಲ, ಅದಕ್ಕೆ ಹೇಳ್ಲಿಲ್ಲ" ಎಂದಳು. ಚಿಂತಾಮಣಿಯಲ್ಲಿ ದಂತವೈದ್ಯರಿಗೆ ತೋರಿಸಿದೆವು. ರಾತ್ರಿ ಹಲ್ಲು ಕಡಿದು ಕಡಿದು ಆ ಹಲ್ಲಿನ ಮೇಲ್ಮೈ ಸವೆದಿತ್ತು. ಈಗ ಮಲಗುವಾಗ ಹಲ್ಲಿಗೊಂದು ಕವಚ ಹಾಕಿಕೊಳ್ಳುತ್ತಾಳೆ, ಬೆಳಗ್ಗೆ ತೊಳೆದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಾಳೆ.