ವಿದೇಶಾಂಗ ಸಚಿವರು ಪಾರ್ಲಿಮೆಂಟಲ್ಲಿ ಕೊಡೋ ಉತ್ತರದಿಂದ ನಮಗೇನಾದ್ರೂ ಗೊತ್ತಾಗುತ್ತಾ?

ಓದುಗರ ಪ್ರಶ್ನೆ: "ವಿದೇಶಾಂಗ ಸಚಿವರು ಲೋಕಸಭೆ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ಅಂತ ಪೇಪರಲ್ಲಿ ಬರುತ್ತಲ್ಲ, ಸರ್ಕಾರ ಸೂಕ್ಷ್ಮವಾಗಿ ಗಮನಿಸ್ತಾ ಇದೆ, ಆ ದೇಶದ ಜೊತೆ ಮಾತಾಡಿದೀವಿ, ಇಷ್ಟೇ ಇರುತ್ತೆ. ಇದು ಬರೀ ಫಾರ್ಮಾಲಿಟೀನಾ? ಓದಿದ್ರೆ ಏನಾದ್ರೂ ಸಿಗುತ್ತಾ?"

ಸಿಗುತ್ತೆ, ಆದ್ರೆ ಎಲ್ಲಾ ಉತ್ತರದಲ್ಲೂ ಒಂದೇ ಥರದ್ದು ಸಿಗಲ್ಲ. ಈ ಇಲಾಖೆ ಕೊಡೋ ಉತ್ತರಗಳಲ್ಲಿ ಎರಡು ಜಾತಿ ಇದೆ. ಚೀನಾ, ಪಾಕಿಸ್ತಾನ, ಅಮೆರಿಕ, ಯುದ್ಧ, ಒಪ್ಪಂದ ಇಂಥ ರಾಜತಾಂತ್ರಿಕ ವಿಷಯದ್ದು ಒಂದು. ಪಾಸ್‌ಪೋರ್ಟ್, ದೂತಾವಾಸ, ವಿದೇಶದ ಜೈಲಲ್ಲಿರೋ ನಮ್ಮವರು, ಗಲ್ಫಲ್ಲಿ ತೀರಿಕೊಂಡವರ ಪಾರ್ಥಿವ ಶರೀರ ತರೋದು, ಇಲಾಖೆಯ ದುಡ್ಡು, ಸಿಬ್ಬಂದಿ, ಇದೆಲ್ಲ ಆಡಳಿತದ್ದು ಇನ್ನೊಂದು. ನೀವು ಹೇಳ್ತಿರೋ ಬೇಜಾರು ಬಹುಪಾಲು ಮೊದಲನೇ ಜಾತಿಯದ್ದು, ಹೆಡ್‌ಲೈನ್ ಆಗೋದೂ ಅದೇ. ಎರಡನೇದು ಒಳಗಿನ ಪುಟದಲ್ಲೂ ಬರಲ್ಲ ಎಷ್ಟೋ ಸಲ, ಆದ್ರೆ ನಮ್ಮ ನಿಮ್ಮ ಮನೆಗೆ ತಟ್ಟೋ ಮಾಹಿತಿ ಇರೋದು ಅಲ್ಲೇ.

ಮೊದ್ಲು ಇದು ಹೇಗೆ ನಡಿಯುತ್ತೆ ಅಂತ ಚುಟುಕಾಗಿ ಹೇಳ್ಬಿಡ್ತೀನಿ. ಸಂಸದರು ಕನಿಷ್ಠ 15 ದಿನ ಮುಂಚೆ ಪ್ರಶ್ನೆ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದ್ದು, ಅದಕ್ಕೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತೆ, ಅಷ್ಟೇ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆದು 20, ಚುಕ್ಕೆ ಇಲ್ಲದ್ದು 230 ವರೆಗೂ ಇರುತ್ತೆ, ರಾಜ್ಯಸಭೆಯಲ್ಲಿ 15 ಮತ್ತು 160. ಆ 20ರಲ್ಲೂ ಬಾಯಲ್ಲಿ ಉತ್ತರ ಬರೋದು ಬೆರಳೆಣಿಕೆಯಷ್ಟಕ್ಕೆ, ಟೈಮ್ ಮುಗಿದ್ಮೇಲೆ ಉಳಿದಿದ್ದೆಲ್ಲ ಲಿಖಿತ ಉತ್ತರ ಆಗೋಗುತ್ತೆ. ವಿದೇಶಾಂಗ ಇಲಾಖೆಗೆ ಇತ್ತೀಚಿನ ಅಧಿವೇಶನಗಳಲ್ಲಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ ಬರ್ತಿದೆ. ಜೈಶಂಕರ್ ಅವರು ರಾಜ್ಯಸಭೆ ಸದಸ್ಯರಲ್ವಾ, ಲೋಕಸಭೆಯಲ್ಲಿ ಹೇಗೆ ಉತ್ತರ ಕೊಡ್ತಾರೆ ಅಂತ ಕೆಲವರು ಕೇಳ್ತಾರೆ. ಸಂವಿಧಾನದ 88ನೇ ವಿಧಿ ಪ್ರಕಾರ ಸಚಿವರು ಯಾವ ಸದನದಲ್ಲಾದ್ರೂ ಮಾತಾಡಬಹುದು, ವೋಟು ಮಾತ್ರ ತಮ್ಮ ಸದನದಲ್ಲೇ. 2009ರಿಂದ 2012ರವರೆಗೆ ಇದೇ ಖಾತೆಯಲ್ಲಿದ್ದ ನಮ್ಮ ಎಸ್.ಎಂ. ಕೃಷ್ಣ ಅವರೂ ರಾಜ್ಯಸಭೆಯವರೇ.

ಈಗ ಆ ಮುಗುಮ್ಮಾದ ಉತ್ತರಗಳ ವಿಷಯ. ಪ್ರಶ್ನೆ ಇಲಾಖೆಗೆ ಬಂದ ಕೂಡ್ಲೇ ಆ ದೇಶ ನೋಡ್ಕೊಳ್ಳೋ ವಿಭಾಗಕ್ಕೆ ಹೋಗುತ್ತೆ, ಚೀನಾ ಆದ್ರೆ ಪೂರ್ವ ಏಷ್ಯಾ ವಿಭಾಗ, ಪಾಸ್‌ಪೋರ್ಟ್ ವೀಸಾ ಆದ್ರೆ ಕಾನ್ಸುಲರ್ ವಿಭಾಗ, ಹೀಗೆ. ಅಲ್ಲಿ ಡ್ರಾಫ್ಟ್ ಆಗಿ ಮೇಲಿನ ಅಧಿಕಾರಿಗಳ ಕೈ ದಾಟಿ ಸಚಿವರ ಹತ್ರ ಬರುತ್ತೆ. ಚುಕ್ಕೆ ಗುರುತಿನದ್ದಾದ್ರೆ ಜೊತೆಗೆ ಇನ್ನೊಂದು ದಪ್ಪ ನೋಟು ರೆಡಿ ಮಾಡ್ತಾರೆ, ಉಪಪ್ರಶ್ನೆಯಲ್ಲಿ ಏನೇನು ಕೇಳಬಹುದು ಅಂತ ಮುಂದಾಲೋಚನೆ ಮಾಡಿ, ಅದು ಸಚಿವರ ಕೈಗೆ ಮಾತ್ರ. ಸದನದಲ್ಲಿ ಹೇಳಿದ ಒಂದೊಂದು ವಾಕ್ಯವೂ ಭಾರತ ಸರ್ಕಾರದ ಅಧಿಕೃತ ಮಾತು, ಬೇರೆ ದೇಶದ ರಾಯಭಾರ ಕಚೇರಿಯವರು ಅದನ್ನ ಅವತ್ತೇ ಓದಿ ತಮ್ಮ ರಾಜಧಾನಿಗೆ ಕಳಿಸ್ತಾರೆ, ಹಂಗಾಗಿ ಮಾತುಕತೆ ನಡೀತಿರೋವಾಗ ನಮ್ಮ ಪಟ್ಟು ಎಷ್ಟು ಅಂತ ಸಚಿವರು ಬಾಯಿ ಬಿಡೋಕಾಗಲ್ಲ. ಲೋಕಸಭೆ ನಿಯಮದಲ್ಲೇ, ಸ್ನೇಹಪರ ವಿದೇಶದ ಬಗ್ಗೆ ಅಗೌರವವಾಗಿ ಪ್ರಶ್ನೆ ಕೇಳೋ ಹಾಗಿಲ್ಲ ಅಂತಾನೂ ಇದೆ. ಇಷ್ಟರ ಮಟ್ಟಿಗಿನ ಎಚ್ಚರಿಕೆ ನ್ಯಾಯವೇ ಅನ್ನೋದು ನನ್ನ ಅಭಿಪ್ರಾಯ.

ಆದ್ರೆ ಇಂಥ ಉತ್ತರಾನ ಒಂದೇ ಒಂದು ಓದಿ ಬಿಟ್ರೆ ಏನೂ ಸಿಗಲ್ಲ, ಹಳೇದನ್ನ ಪಕ್ಕದಲ್ಲಿಟ್ಕೊಂಡು ಓದಬೇಕು. ಪ್ಯಾಲೆಸ್ಟೈನ್ ವಿಷಯಾನೇ ತಗೊಳ್ಳಿ. ಎರಡು ರಾಷ್ಟ್ರಗಳ ಪರಿಹಾರಕ್ಕೆ ನಮ್ಮ ಬೆಂಬಲ, ಸುರಕ್ಷಿತ ಮತ್ತು ಮಾನ್ಯತೆ ಇರೋ ಗಡಿಯೊಳಗೆ ಸಾರ್ವಭೌಮ ಪ್ಯಾಲೆಸ್ಟೈನ್, ಇಸ್ರೇಲ್ ಜೊತೆ ಶಾಂತಿಯಿಂದ, ಇದು ಪ್ರತೀ ಸಲ ಬರೋ ಸಾಲು. ಮುಂಚೆ ಭಾರತದ ಹೇಳಿಕೆಗಳಲ್ಲಿ ಪೂರ್ವ ಜೆರುಸಲೇಮ್ ರಾಜಧಾನಿ ಅನ್ನೋ ತುಂಡೂ ಇರ್ತಿತ್ತು, 2017ರಲ್ಲಿ ಪ್ಯಾಲೆಸ್ಟೈನ್ ಅಧ್ಯಕ್ಷರು ದಿಲ್ಲಿಗೆ ಬಂದಾಗ ಪ್ರಧಾನಿ ಕೊಟ್ಟ ಹೇಳಿಕೆಯಲ್ಲಿ ಅದು ಇರ್ಲಿಲ್ಲ. ಯಾರೂ ಘೋಷಣೆ ಮಾಡ್ಲಿಲ್ಲ, ಸುಮ್ನೆ ಬಿಟ್ಟೋಯ್ತು. ನೀತಿ ಬದಲಾಗೋದು ಎಷ್ಟೋ ಸಲ ಹಿಂಗೇ.

ಇನ್ನೊಂದೇನಂದ್ರೆ ಸದನದ ಒತ್ತಡದಿಂದ ಹೊರಗೆ ಬಂದಿರೋ ದೊಡ್ಡ ವಿಷಯಗಳೂ ಇವೆ. 1959ರಲ್ಲಿ ಗಡಿ ವಿಷಯಕ್ಕೆ ಸಂಸದರು ಬಿಡದೆ ಕೇಳ್ತಾ ಹೋದ್ರು, ಆಗ ವಿದೇಶಾಂಗ ಖಾತೆಯೂ ನೆಹರು ಕೈಯಲ್ಲೇ ಇತ್ತು, ಕೊನೆಗೆ ಸೆಪ್ಟೆಂಬರ್ 7ಕ್ಕೆ ಚೀನಾ ಜೊತೆಗಿನ ಪತ್ರ ವ್ಯವಹಾರವನ್ನ ಶ್ವೇತಪತ್ರ ಮಾಡಿ ಪಾರ್ಲಿಮೆಂಟ್ ಮುಂದೆ ಇಟ್ರು. ಅಲ್ಲಿವರೆಗೂ ಜನಕ್ಕೆ ಆ ಜಗಳದ ಆಳ ಗೊತ್ತಿರ್ಲಿಲ್ಲ. ಈಚೆಗೆ ನೋಡೋದಾದ್ರೆ 2025ರ ಫೆಬ್ರವರಿ 5ಕ್ಕೆ ಅಮೆರಿಕದ ಮಿಲಿಟರಿ ವಿಮಾನದಲ್ಲಿ 104 ಭಾರತೀಯರನ್ನ ಕೈಗೆ ಕೋಳ ಹಾಕಿ ಅಮೃತಸರಕ್ಕೆ ತಂದು ಇಳಿಸಿದ್ರಲ್ಲ, ಮಾರನೇ ದಿನ ರಾಜ್ಯಸಭೆಯಲ್ಲಿ ಗಲಾಟೆ ಆಗಿ ಸಚಿವರು ಹೇಳಿಕೆ ಕೊಟ್ರು, ಅದರಲ್ಲಿ 2009ರಿಂದ ಪ್ರತಿ ವರ್ಷ ಅಮೆರಿಕದಿಂದ ಎಷ್ಟು ಜನರನ್ನ ವಾಪಸ್ ಕಳಿಸಿದಾರೆ ಅನ್ನೋ ಪಟ್ಟಿಯೇ ಇತ್ತು, 2009ರಲ್ಲಿ 734, 2016ರಲ್ಲಿ 1,303, 2019ರಲ್ಲಿ 2,042 ಅಂತ. ಅಮೆರಿಕದವರು ವಿಮಾನದಲ್ಲಿ ಕಟ್ಟಿ ಹಾಕೋ ಪದ್ಧತಿ 2012ರಿಂದಲೇ ಜಾರಿಯಲ್ಲಿದೆ ಅಂತಾನೂ ಹೇಳಿದ್ರು. ಈ ವಿವರಣೆ ನಿಮಗೆ ಸಮಾಧಾನ ಕೊಡುತ್ತೋ ಇಲ್ವೋ ಅದು ಬೇರೆ, ನನಗಂತೂ ಕೊಡ್ಲಿಲ್ಲ, ಯಾಕಂದ್ರೆ ಮೊದಲಿಂದಲೂ ಹೀಗೇ ನಡೀತಿತ್ತು ಅನ್ನೋದು ಅದು ಸರಿ ಅನ್ನೋದಕ್ಕೆ ಕಾರಣ ಆಗಲ್ಲ. ಆದ್ರೆ ಆ ಪಟ್ಟಿ ಈಗ ಸದನದ ದಾಖಲೆಯಲ್ಲಿದೆ, ನಾಳೆ ಯಾರು ಬೇಕಾದ್ರೂ ಅದನ್ನಿಟ್ಟು ವಾದ ಮಾಡಬಹುದು.

ಇನ್ನು ಆಡಳಿತದ ಉತ್ತರಗಳು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಮಂಗಳೂರು, ಉಡುಪಿ, ಭಟ್ಕಳದ ಕಡೆ ಮನೆಗೊಬ್ಬರು ಗಲ್ಫಲ್ಲಿ ಇರೋವಾಗ ಇದು ದೂರದ ವಿಷಯ ಅಲ್ವೇ ಅಲ್ಲ. 2025ರ ಮಾರ್ಚಲ್ಲಿ ರಾಜ್ಯಸಭೆಗೆ ಕೊಟ್ಟ ಒಂದು ಲಿಖಿತ ಉತ್ತರದ ಪ್ರಕಾರ ವಿಚಾರಣಾಧೀನರೂ ಸೇರಿ ವಿದೇಶದ ಜೈಲುಗಳಲ್ಲಿರೋ ಭಾರತೀಯರು 10,152. ಅತಿ ಹೆಚ್ಚು ಇರೋದು ಸೌದಿ ಮತ್ತು ಯುಎಇಯಲ್ಲಿ, ಒಂದೊಂದರಲ್ಲೂ ಎರಡೂವರೆ ಸಾವಿರ ದಾಟುತ್ತೆ. ಪೇಪರಲ್ಲಿ ಬಂದಿದ್ದು ಈ ನಂಬರ್ ಮಾತ್ರ. ಆದ್ರೆ ಇಂಥ ಪ್ರತಿ ಉತ್ತರದಲ್ಲೂ ಒಂದು ವಾಕ್ಯ ಇರುತ್ತೆ, ಅದನ್ನ ದಯವಿಟ್ಟು ಓದಿ: ಅನೇಕ ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿ ಇರೋದ್ರಿಂದ ಕೈದಿ ಒಪ್ಪಿಗೆ ಕೊಡದಿದ್ರೆ ಅಲ್ಲಿನ ಅಧಿಕಾರಿಗಳು ಮಾಹಿತಿ ಕೊಡಲ್ಲ. ಅಂದ್ರೆ ಈ 10,152 ದೂತಾವಾಸಕ್ಕೆ ಗೊತ್ತಾಗಿರೋರ ಲೆಕ್ಕ, ನಿಜವಾದ್ದು ಇದಕ್ಕಿಂತ ಜಾಸ್ತಿ ಇರಬಹುದು. ಮನೇಲಿ ಯಾರಾದ್ರೂ ಅಲ್ಲಿ ಅರೆಸ್ಟ್ ಆದ್ರು ಅಂತ ಸುದ್ದಿ ಬಂದ್ರೆ, ನಮ್ಮ ದೂತಾವಾಸಕ್ಕೆ ತಿಳಿಸಿ ಅಂತ ಅವರೇ ಪೊಲೀಸರಿಗೆ ಹೇಳಬೇಕು ಅನ್ನೋ ಪ್ರಾಣ ಉಳಿಸೋ ಮಾಹಿತಿ ಆ ಒಣ ವಾಕ್ಯದಲ್ಲಿ ಅಡಗಿದೆ.

ಹಾಗೇ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಒಂದಿದೆ, 2009ರಲ್ಲಿ ಶುರುವಾಗಿದ್ದು, 2017ರಲ್ಲಿ ಅದರ ಮಾರ್ಗಸೂಚಿ ಪರಿಷ್ಕರಣೆ ಆಯ್ತು. ಕಷ್ಟದಲ್ಲಿ ಸಿಕ್ಕಾಕೊಂಡವರಿಗೆ ಊಟ ವಸತಿ, ವಾಪಸ್ ಬರೋಕೆ ಟಿಕೆಟ್, ಅರ್ಹರಿಗೆ ಕಾನೂನು ನೆರವು, ತೀರಿಕೊಂಡವರ ಶರೀರ ಊರಿಗೆ ಕಳಿಸೋ ಖರ್ಚು ಇದರಿಂದ ಕೊಡಬಹುದು. ವಿದೇಶದಲ್ಲಿ ನಮ್ಮವರು ಪಾಸ್‌ಪೋರ್ಟ್, ದಾಖಲೆ ದೃಢೀಕರಣ ಇಂಥ ಕೆಲಸಕ್ಕೆ ದೂತಾವಾಸಕ್ಕೆ ಹೋದಾಗ ಕಟ್ಟೋ ಸಣ್ಣ ಶುಲ್ಕದಿಂದ ತುಂಬೋ ನಿಧಿ ಅದು, ಅಂದ್ರೆ ಅವರದೇ ದುಡ್ಡು. ಎಷ್ಟೋ ಕುಟುಂಬಕ್ಕೆ ಇದು ಗೊತ್ತೇ ಇರಲ್ಲ, ಸಾಲ ಮಾಡಿ ಶರೀರ ತರಿಸ್ತಾರೆ. ಪ್ರತಿ ಅಧಿವೇಶನದಲ್ಲೂ ಯಾರೋ ಒಬ್ಬ ಸಂಸದರು ಇದರ ಬಗ್ಗೆ ಕೇಳಿರ್ತಾರೆ, ಉತ್ತರದಲ್ಲಿ ಯಾವುದಕ್ಕೆ ಕೊಡ್ತಾರೆ ಅನ್ನೋದು ಸ್ಪಷ್ಟವಾಗಿ ಇರುತ್ತೆ.

ಪೌರತ್ವ ಬಿಟ್ಟವರ ಲೆಕ್ಕ ಬರೋದೂ ಹಿಂಗೇ. 2022ರಲ್ಲಿ 2,25,620, 2023ರಲ್ಲಿ 2,16,219, 2024ರಲ್ಲಿ 2,06,378. ಪಾಸ್‌ಪೋರ್ಟ್ ವಿಷಯದಲ್ಲಿ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಅನ್ನೋ ಯೋಜನೆ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್, ಈ ಎರಡೇ ಕಡೆ ಪ್ರಯೋಗವಾಗಿ ಶುರುವಾಗಿ ಇವತ್ತು ದೇಶದಲ್ಲಿ 400 ದಾಟಿದೆ. ನಮ್ಮ ಜಿಲ್ಲೆಗೆ ಯಾವಾಗ ಅಂತ ಸಂಸದರು ಕೇಳಿ ಕೇಳಿನೇ ಇಷ್ಟು ಹರಡಿದ್ದು ಅಂತ ನಾನು ನಂಬ್ತೀನಿ. ದುಡ್ಡಿನ ವಿಷಯಕ್ಕೆ ಬಂದ್ರೆ 2025-26ರ ಬಜೆಟ್‌ನಲ್ಲಿ ಈ ಇಲಾಖೆಗೆ ಇಟ್ಟಿದ್ದು 20,516 ಕೋಟಿ, ಅದರಲ್ಲಿ ಭೂತಾನ್ ಒಂದಕ್ಕೇ 2,150 ಕೋಟಿ ನೆರವು.

ಓದೋವಾಗ ಗಮನಿಸಬೇಕಾದ ಒಂದು ಜಾಗ ಇದೆ. ಪ್ರಶ್ನೆಯಲ್ಲಿ ಎ, ಬಿ, ಸಿ, ಡಿ ಅಂತ ಭಾಗ ಇರುತ್ತೆ, ಉತ್ತರದಲ್ಲಿ "ಎ ಯಿಂದ ಡಿ ವರೆಗೆ" ಅಂತ ಬರೆದು ಒಂದೇ ಪ್ಯಾರಾ ಕೊಟ್ಟಿರ್ತಾರೆ. ಆಗ ಪೆನ್ಸಿಲ್ ತಗೊಂಡು ಒಂದೊಂದೇ ಭಾಗಕ್ಕೆ ಉತ್ತರ ಎಲ್ಲಿದೆ ಅಂತ ಗುರುತು ಹಾಕಿ, ಒಂದಕ್ಕೆ ಉತ್ತರ ಇಲ್ಲದೇ ಇರೋದು ತಕ್ಷಣ ಕಾಣುತ್ತೆ. ಎಷ್ಟು ಜನ ಅಂತ ಕೇಳಿದ್ರೆ ಸರ್ಕಾರ ಕೈಗೊಂಡ ಕ್ರಮಗಳ ಪಟ್ಟಿ ಕೊಟ್ಟಿರೋದೂ ಉಂಟು. ಇದು ನನಗೆ ನಿಜಕ್ಕೂ ಸಿಟ್ಟು ಬರಿಸೋ ವಿಷಯ, ಯಾಕಂದ್ರೆ ರಾಜತಾಂತ್ರಿಕ ವಿಷಯದಲ್ಲಿ ಮೌನಕ್ಕೆ ಕಾರಣ ಇದೆ, ಆದ್ರೆ ಅರ್ಜಿ ಎಷ್ಟು ಬಾಕಿ ಇದೆ, ಹುದ್ದೆ ಎಷ್ಟು ಖಾಲಿ ಇದೆ ಅನ್ನೋದನ್ನ ಮುಚ್ಚಿಡೋಕೆ ಯಾವ ದೇಶಹಿತವೂ ಇಲ್ಲ.

"ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಬಂದ್ರೆ ಅಲ್ಲಿಗೆ ಮುಗೀತು ಅನ್ಕೋಬೇಡಿ. ಅದನ್ನ ಭರವಸೆ ಅಂತ ದಾಖಲೆ ಮಾಡ್ತಾರೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ರೆ ಕಾಲಾವಕಾಶ ಕೇಳಬೇಕು. ಇದನ್ನ ಬೆನ್ನು ಹತ್ತೋಕೆ ಅಂತಾನೇ ಸರ್ಕಾರಿ ಭರವಸೆಗಳ ಸಮಿತಿ ಇದೆ, ಲೋಕಸಭೆಯಲ್ಲಿ 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ. ಕೆಲವು ಸಲ ಪ್ರಶ್ನೆಯೇ ತಪ್ಪು ವಿಳಾಸಕ್ಕೆ ಹೋಗಿರುತ್ತೆ. ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಷನ್ ತಡ ಅಂದ್ರೆ ಅದು ರಾಜ್ಯದ ಪೊಲೀಸರ ಕೆಲಸ, ವಿದೇಶೀಯರು ಇಲ್ಲಿಗೆ ಬರೋ ವೀಸಾದ ನೀತಿ ಗೃಹ ಇಲಾಖೆದು, ಅಂಥದಕ್ಕೆ ವಿದೇಶಾಂಗದವರು ಕೊಡೋ ಉತ್ತರ ಜಾರಿಕೊಂಡ ಹಾಗೆ ಕಂಡ್ರೂ ಅದು ಜಾರಿಕೆ ಅಲ್ಲ.

ಉತ್ತರಗಳೆಲ್ಲ ಎರಡೂ ಸದನದ ವೆಬ್‌ಸೈಟಲ್ಲಿ ಮತ್ತು ಇಲಾಖೆಯ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಸಂಸದರ ಹೆಸರು ಹಾಕಿ ಹುಡುಕಬಹುದು. ನಿಮ್ಮ ಕ್ಷೇತ್ರದವರು ಈ ಇಲಾಖೆಗೆ ಏನು ಕೇಳಿದಾರೆ ಅಂತ ಒಮ್ಮೆ ನೋಡಿ. ಏನೂ ಕೇಳಿಲ್ಲ ಅಂದ್ರೆ ಅಧಿವೇಶನದ ದಿನಾಂಕ ಪ್ರಕಟ ಆದ ಕೂಡ್ಲೇ ಅವರ ಆಫೀಸಿಗೆ ಬರೀರಿ, 15 ದಿನದ ಗಡುವು ನೆನಪಿರಲಿ. ಬರೆಯೋವಾಗ "ಗಲ್ಫ್ ಕನ್ನಡಿಗರಿಗೆ ಸರ್ಕಾರ ಏನು ಮಾಡಿದೆ" ಅಂತ ಬರೀಬೇಡಿ, ಅದಕ್ಕೆ ಯೋಜನೆಗಳ ಪಟ್ಟಿ ಬರುತ್ತೆ ಅಷ್ಟೇ. "ಕಳೆದ ಮೂರು ವರ್ಷದಲ್ಲಿ ಸೌದಿಯ ನಮ್ಮ ರಾಯಭಾರ ಕಚೇರಿ ಮತ್ತು ಕಾನ್ಸುಲೇಟಿಗೆ ಪಾರ್ಥಿವ ಶರೀರ ತರೋ ನೆರವು ಕೋರಿ ಬಂದ ಅರ್ಜಿ ವರ್ಷವಾರು ಎಷ್ಟು, ಕಲ್ಯಾಣ ನಿಧಿಯಿಂದ ದುಡ್ಡು ಕೊಟ್ಟಿದ್ದು ಎಷ್ಟಕ್ಕೆ, ತಿರಸ್ಕಾರ ಮಾಡಿದ್ದು ಎಷ್ಟು, ಯಾವ ಕಾರಣಕ್ಕೆ" ಅಂತ ಬರೀರಿ.