ಬಾರದ ಬರಕ್ಕೆ ಓಟು ಹಾಕುವವರು ಯಾರು?

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಅಡಿಕೆ ತೋಟಗಳಲ್ಲಿ ನೀರಿಗೆ ತತ್ವಾರ. ಇಳಿಜಾರು ನೆಲ, ತೂತು ತೂತಾದ ಮುರಕಲ್ಲು. ಬಿದ್ದ ನೀರು ನಿಲ್ಲದೆ ಕಡಲು ಸೇರುತ್ತದೆ. ಇಲ್ಲಿನ ಏತಡ್ಕ ಎಂಬ ಊರಿನ ಕೃಷಿಕರು ಇದಕ್ಕೆ ಹಿಂದಿನಿಂದಲೂ ನೆಚ್ಚಿಕೊಂಡು ಬಂದ ಉಪಾಯ ಕಟ್ಟ. ಮಳೆಗಾಲ ಕಳೆದು ತೋಡಿನ ಹರಿವು ಸೊರಗುವಾಗ ಕಲ್ಲು, ಮಣ್ಣು ಪೇರಿಸಿ ನೀರಿಗೆ ಅಡ್ಡ ಕಟ್ಟುತ್ತಾರೆ. ನಿಂತ ನೀರು ದಡಗಳಿಗೆ ಇಂಗಿ ಆಸುಪಾಸಿನ ಬಾವಿಗಳ ಒರತೆಯನ್ನು ಬೇಸಗೆಗೆ ಉಳಿಸುತ್ತದೆ. ಮುಂದಿನ ಮಳೆಗೆ ಮಣ್ಣಿನ ಕಟ್ಟ ನಿಲ್ಲುವುದಿಲ್ಲ. ಮತ್ತೆ ಹೊಸದಾಗಿ ಕಟ್ಟಬೇಕು.

ಕೇರಳದಲ್ಲಿ 2020 ಮತ್ತು 2025ರ ಪಂಚಾಯತ್ ಚುನಾವಣೆಗಳು ನಡೆದದ್ದು ಡಿಸೆಂಬರಿನಲ್ಲಿ, ಹೆಚ್ಚುಕಡಿಮೆ ಕಟ್ಟ ಹಾಕುವ ಕಾಲದಲ್ಲೇ. ಆದರೆ ಕಟ್ಟದ ಹೆಸರು ಹೇಳಿ ಓಟು ಗಿಟ್ಟಿಸುವುದು ಕಷ್ಟ. ಟ್ಯಾಂಕರಿನಲ್ಲಿ ನೀರು ತಂದುಕೊಟ್ಟ ಮೆಂಬರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಟ್ಯಾಂಕರೇ ಬೇಕಾಗದಂತೆ ನೋಡಿಕೊಂಡವರ ಹೆಸರು ಯಾರಿಗೆ ಗೊತ್ತು?

ಇದು ನಮ್ಮೂರಿನ ಗುಣವೇನಲ್ಲ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಸಂಶೋಧಕರು ಅಮೆರಿಕದ ಚುನಾವಣೆಗಳನ್ನು ಜಾಲಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಕೋಪದ ನಂತರ ಪರಿಹಾರ ಹಂಚಿದ ಆಡಳಿತಕ್ಕೆ ಮತದಾರರು ಓಟು ಕೊಡುತ್ತಾರೆ. ಮುನ್ನೆಚ್ಚರಿಕೆಗೆ ದುಡ್ಡು ಹಾಕಿದ ಆಡಳಿತಕ್ಕೆ ಕೊಡುವುದಿಲ್ಲ. ಮುನ್ನೆಚ್ಚರಿಕೆಗೆ ಹಾಕಿದ ಒಂದು ಡಾಲರ್ ಮುಂದೆ ಸುಮಾರು 15 ಡಾಲರ್ ನಷ್ಟ ತಪ್ಪಿಸುತ್ತದೆ ಎಂಬ ಅಂದಾಜೂ ಅದರಲ್ಲೇ ಇದೆ. ಭಾರತದ ಲೆಕ್ಕ ಇನ್ನೂ ತಮಾಷೆಯದು. ಮಳೆ ಕೈಕೊಟ್ಟರೆ ಇಲ್ಲಿನ ಮತದಾರರು ಆಳುವ ಪಕ್ಷವನ್ನೇ ದಂಡಿಸುತ್ತಾರೆ, ಪರಿಹಾರ ಚುರುಕಾಗಿ ಬಂದರೆ ಸಿಟ್ಟು ಒಂದಿಷ್ಟು ಇಳಿಯುತ್ತದೆ ಎಂದು 2012ರ ಒಂದು ಸಂಶೋಧನೆ ತೋರಿಸಿದೆ. ಹೀಗಿರುವಾಗ ಬರ ಬಾರದಂತೆ ತಡೆಯುವುದಕ್ಕಿಂತ ಬಂದ ಮೇಲೆ ಓಡಾಡುವುದೇ ರಾಜಕಾರಣಿಗೆ ಲಾಭ. ಅವರನ್ನು ಬೈದು ಪ್ರಯೋಜನವಿಲ್ಲ.

ಹವಾಮಾನ ನೀತಿಯ ಪಾಡು ಕಟ್ಟಕ್ಕಿಂತಲೂ ಕಷ್ಟದ್ದು. ಕಟ್ಟದ ನೀರು ಪಕ್ಕದ ಬಾವಿಗಾದರೂ ಬರುತ್ತದೆ. ಇಂಗಾಲ ಕಡಿತದ ಫಲ ಜಗತ್ತಿಗೆಲ್ಲ ಹಂಚಿಹೋಗುತ್ತದೆ, ಖರ್ಚು ಮಾತ್ರ ಮನೆಯ ಬಿಲ್ಲಿನಲ್ಲಿ ಕಾಣುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಇಂಥ ಕಾನೂನುಗಳು ಜನಮತಕ್ಕೇ ಹೋಗುತ್ತವೆ. 2021ರಲ್ಲಿ ಇಂಧನ ಮತ್ತು ವಿಮಾನ ಟಿಕೆಟಿನ ಮೇಲೆ ಶುಲ್ಕ ಹೇರುವ ಕಾನೂನನ್ನು ಶೇ. 51.6 ಮಂದಿ ತಿರಸ್ಕರಿಸಿದರು. ಎರಡು ವರ್ಷ ಕಳೆದು, 2050ರೊಳಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ, ಅಂದರೆ ಬಿಟ್ಟಷ್ಟನ್ನು ಹೀರಿ ಸರಿತೂಗಿಸುವ ಮಟ್ಟಕ್ಕೆ, ಇಳಿಸುವ ಕಾನೂನಿಗೆ ಶೇ. 59.1 ಮಂದಿ ಒಪ್ಪಿದರು. ಈ ಸಲ ಹೊಸ ತೆರಿಗೆ ಇರಲಿಲ್ಲ. ಮನೆ ಬಿಸಿಮಾಡುವ ಹಳೆಯ ಯಂತ್ರ ಬದಲಿಸಲು ಸಬ್ಸಿಡಿ ಇತ್ತು. ಸಬ್ಸಿಡಿಯ ಹಣವೂ ಜನರದೇ, ಆದರೆ ಅದು ಪೆಟ್ರೋಲ್ ಪಂಪಿನ ರಸೀದಿಯಲ್ಲಿ ಅಚ್ಚಾಗುವುದಿಲ್ಲವಲ್ಲ!

ಹಾಗಾದರೆ ಜನರಿಗೆ ಕಾಳಜಿ ಇಲ್ಲವೇ? 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಕೇಳಿ 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ತಿಂಗಳ ಆದಾಯದ ಶೇ. 1ರಷ್ಟನ್ನು ಭೂಮಿ ಬಿಸಿಯಾಗುವುದನ್ನು ತಡೆಯಲು ಕೊಡಲು ಸಿದ್ಧ ಎಂದವರು ಶೇ. 69. ನಿಮ್ಮ ದೇಶದಲ್ಲಿ ಎಷ್ಟು ಮಂದಿ ಹಾಗೆ ಕೊಟ್ಟಾರು ಎಂದು ಕೇಳಿದಾಗ ಬಂದ ಸರಾಸರಿ ಉತ್ತರ ಶೇ. 43. ಅಭ್ಯರ್ಥಿಗಳೂ ಇದೇ ಜನರ ನಡುವಿನಿಂದ ಬಂದವರು. ಅವರ ಅಂದಾಜು ಇದಕ್ಕಿಂತ ಉದಾರವಾಗಿರುತ್ತದೆಂದು ನನಗೆ ಅನ್ನಿಸುವುದಿಲ್ಲ.