ಆರು ಬೀಳದ ದಾಳ

"ಸರ್, ನಮ್ಮ ದಾಳದಲ್ಲಿ ಆರು ಬೀಳೋದೇ ಇಲ್ಲ."

ಬೇಸಿಗೆ ಶಿಬಿರವೊಂದರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬಂದು ನಿಂತಾಗ, ಎಲ್ಲೋ ತಂತಿ ಸಡಿಲವಾಗಿರಬೇಕು ಅಂದುಕೊಂಡೆ. ತಾವೇ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ) ಮೇಲೆ ಕಟ್ಟಿದ, ಗುಂಡಿ ಒತ್ತಿದರೆ ಚುಕ್ಕಿಗಳ ಜಾಗದಲ್ಲಿ ದೀಪ ಉರಿಯುವ ಎಲೆಕ್ಟ್ರಾನಿಕ್ ದಾಳವನ್ನು ಪಕ್ಕಕ್ಕಿಟ್ಟುಕೊಂಡು ಅವಳ ಗುಂಪು ಲೂಡೊ ಆಡಲು ಕೂತಿತ್ತು. ಆರು ಬಿದ್ದರಷ್ಟೇ ಕಾಯಿ ಮನೆಯಿಂದ ಹೊರಡಬೇಕು ಎಂಬುದು ಅವರ ನಿಯಮ. ಅರ್ಧ ಗಂಟೆಯಾದರೂ ಒಂದು ಕಾಯಿಯೂ ಕದಲಿರಲಿಲ್ಲ. ದೀಪಗಳನ್ನು ಒಂದೊಂದಾಗಿ ನೋಡಿದೆ, ಏಳೂ ಸರಿಯಾಗಿ ಉರಿಯುತ್ತಿದ್ದವು. ಆಗ ಅವಳೇ ಅಂದಳು: "ಎರಡೂ ಬೀಳಲ್ಲ, ನಾಲ್ಕೂ ಬೀಳಲ್ಲ ಸರ್. ಬರೀ ಒಂದು, ಮೂರು, ಐದು."

ಇಷ್ಟು ಚೆನ್ನಾಗಿ ದೋಷವನ್ನು ವಿವರಿಸುವ ಎಂಜಿನಿಯರುಗಳೂ ಕಡಿಮೆ. ಕಾರಣಕ್ಕೆ ಬರುವ ಮೊದಲು ಸರ್ಕ್ಯೂಟ್ ಹೇಗಿತ್ತು ಹೇಳುತ್ತೇನೆ.

ಏಳು ಎಲ್‌ಇಡಿ ದೀಪಗಳಿಗೆ, ಅವನ್ನು ನಡೆಸುವ ಆರ್ಡುಯಿನೊ ಉನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಏಳು ಪಿನ್ (ತಂತಿ ಸಿಕ್ಕಿಸುವ ಜಾಗ) ಬೇಕು ಎಂದೇ ಎಲ್ಲರೂ ಶುರು ಮಾಡುತ್ತಾರೆ. ಆದರೆ ದಾಳದ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ನಡುವಿನ ಚುಕ್ಕಿಯೊಂದೇ ಒಂಟಿ, ಮಿಕ್ಕವೆಲ್ಲ ಜೋಡಿ. ಒಂದು ಓರೆಯ ಮೂಲೆಗಳೆರಡು ಎರಡರಿಂದ ಆರರವರೆಗೂ ಉರಿಯುತ್ತವೆ. ಇನ್ನೊಂದು ಓರೆಯವು ನಾಲ್ಕು, ಐದು, ಆರಕ್ಕೆ. ಎಡಬಲದ ನಡುವಿನ ಜೋಡಿ ಆರಕ್ಕೆ ಮಾತ್ರ. ನಡುವಿನದು ಬೆಸಸಂಖ್ಯೆಗಳಿಗೆ. ಅಲ್ಲಿಗೆ ನಾಲ್ಕೇ ಪಿನ್ ಸಾಕು. ಈ ಹಂಚಿಕೆಯನ್ನು ಮಕ್ಕಳೇ ಕಾಗದದ ಮೇಲೆ ಕಂಡುಕೊಳ್ಳಲಿ ಎಂದು ನಾನು ಕಾಯುತ್ತೇನೆ. ಹೇಳಿಕೊಟ್ಟರೆ ಆ ಖುಷಿ ಇರುವುದಿಲ್ಲ.

ಆರ್ಡುಯಿನೊ ಉನೊ ಬೋರ್ಡಿನ ಪಿನ್ ಕೊಡುವುದು 5 ವೋಲ್ಟ್. ಕೆಂಪು ಎಲ್‌ಇಡಿ ಒಂದಕ್ಕೆ ಸುಮಾರು 2 ವೋಲ್ಟ್ ಹೋಗುತ್ತದೆ. ಜೋಡಿಯನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ 4 ವೋಲ್ಟ್ ಕಳೆದು 1 ವೋಲ್ಟ್ ಉಳಿಯುತ್ತದೆ, 100 ಓಮ್ ರೆಸಿಸ್ಟರ್ ಹಾಕಿದರೆ 10 ಮಿಲಿಆಂಪಿಯರ್ ಹರಿಯುತ್ತದೆ. ನಡುವಿನ ಒಂಟಿ ದೀಪಕ್ಕೆ 330 ಓಮ್, ಅಂದರೆ ಸುಮಾರು 9 ಮಿಲಿಆಂಪಿಯರ್. ಏಳೂ ಹೆಚ್ಚುಕಡಿಮೆ ಒಂದೇ ಬೆಳಕು. ನೀಲಿ, ಬಿಳಿ ದೀಪದ ಆಸೆ ಬೇಡ. ಅವು ಒಂದೊಂದಕ್ಕೂ 3 ವೋಲ್ಟ್ ಬೇಡುವುದರಿಂದ ಸರಣಿಯಲ್ಲಿ ಎರಡಿಟ್ಟರೆ ಸರಿಯಾಗಿ ಉರಿಯುವುದೇ ಇಲ್ಲ. ಗುಂಡಿಯನ್ನು ಒಂದು ಪಿನ್ನಿಗೂ ಗ್ರೌಂಡಿಗೂ (0 ವೋಲ್ಟ್) ನಡುವೆ ಹಾಕಿ, ಗುಂಡಿ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲೇ ಹಿಡಿದಿಡುವ, ಚಿಪ್‌ನೊಳಗಿನ ಪುಲ್‌ಅಪ್ ರೆಸಿಸ್ಟರ್ ಚಾಲೂ ಮಾಡಿ. ಅದಿಲ್ಲದಿದ್ದರೆ ಕೈ ಹತ್ತಿರ ತಂದರೂ ದಾಳ ತಾನೇ ಉರುಳಬಹುದು.

ಇನ್ನು ಸಂಖ್ಯೆ ಆರಿಸುವ ವಿಷಯ. ಈ ಆಟಿಕೆಯ ಜೀವ ಇರುವುದೇ ಇಲ್ಲಿ. ಆರ್ಡುಯಿನೊದಲ್ಲಿ 'ರ‍್ಯಾಂಡಮ್' ಎಂಬ ಸಿದ್ಧ ಸೌಲಭ್ಯವಿದೆ, ಆದರೆ ಅದು ಲೆಕ್ಕ ಹಾಕಿ ಹೊರಡಿಸುವ ಸಂಖ್ಯೆಗಳ ಸಾಲು. ಬೇರೆ ಬೀಜಸಂಖ್ಯೆ (ಲೆಕ್ಕ ಶುರುವಾಗುವ ಸಂಖ್ಯೆ) ಕೊಡದಿದ್ದರೆ, ಪ್ರತಿ ಸಲ ಕರೆಂಟು ಕೊಟ್ಟಾಗಲೂ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬರುತ್ತವೆ. ಜೊತೆಗೆ, ಅದಕ್ಕೆ 1 ಮತ್ತು 6 ಎಂದು ಕೊಟ್ಟರೆ ಐದರವರೆಗೆ ಮಾತ್ರ ಬರುತ್ತದೆ, 1 ಮತ್ತು 7 ಎಂದೇ ಕೊಡಬೇಕು. ಏನೂ ಜೋಡಿಸದ ಅನಲಾಗ್ ಪಿನ್ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಪಿನ್) ಓದಿ ಅದನ್ನೇ ಬೀಜವಾಗಿಸುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಸಿಗುವುದು ಹೆಚ್ಚೆಂದರೆ 1,024 ಬೆಲೆ, ಅದರಲ್ಲೂ ಅಕ್ಕಪಕ್ಕದವೇ ಮತ್ತೆ ಮತ್ತೆ ಬರುತ್ತವೆ.

ನಾನು ನಂಬುವುದು ಬೆರಳನ್ನು. ಗುಂಡಿ ಒತ್ತಿದ ಗಳಿಗೆಯಲ್ಲಿ ಚಿಪ್‌ನ ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ) ಗಡಿಯಾರ ಓದಿ, ಆರರಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸುವುದು. ಚೌಕಾಬಾರದ ಕವಡೆಯನ್ನು ಅಂಗೈಯಲ್ಲಿ ಕುಲುಕಿ ಚೆಲ್ಲುವಾಗಲೂ ನಡೆಯುವುದು ಇದೇ ಅಲ್ಲವೇ? ಕೈಯ ಹಿಡಿತಕ್ಕೆ ಸಿಗದಷ್ಟು ಸಣ್ಣ ವ್ಯತ್ಯಾಸವೇ ಫಲವನ್ನು ನಿರ್ಧರಿಸುತ್ತದೆ.

ಆ ದಿನ ಮಕ್ಕಳಿಗೆ ಪ್ರೋಗ್ರಾಂನ ಈ ಸಾಲನ್ನು ಬರೆದುಕೊಟ್ಟವನು ನಾನೇ. ತಪ್ಪು ಅಲ್ಲೇ ಇತ್ತು. 16 ಮೆಗಾಹರ್ಟ್ಸ್ ಉನೊ ಬೋರ್ಡಿನಲ್ಲಿ ಆ ಗಡಿಯಾರ ಒಂದೊಂದಾಗಿ ಏರುವುದಿಲ್ಲ, ನಾಲ್ಕು ನಾಲ್ಕಾಗಿ ಜಿಗಿಯುತ್ತದೆ: 0, 4, 8, 12, 16, 20. ಯಾವಾಗ ಓದಿದರೂ ನಾಲ್ಕರ ಗುಣಕವೇ. ಇವನ್ನು ಆರರಿಂದ ಭಾಗಿಸಿ ನೋಡಿ, ಶೇಷ 0, 4, 2 ಬಿಟ್ಟು ಬೇರೆ ಬರುವುದಿಲ್ಲ. ಒಂದು ಕೂಡಿಸಿದರೆ 1, 5, 3. ಹುಡುಗಿ ಹೇಳಿದ ಮೂರೇ ಮುಖ!

ಪರಿಹಾರ ಸುಲಭ: ಮೊದಲು ನಾಲ್ಕರಿಂದ ಭಾಗಿಸಿ, ಆಮೇಲೆ ಆರರ ಶೇಷ ತೆಗೆಯಿರಿ. ಆಗ ಆರು ಮುಖಗಳ ಸುತ್ತು 24 ಮೈಕ್ರೊಸೆಕೆಂಡಿಗೊಮ್ಮೆ ಮುಗಿಯುತ್ತದೆ, ಒಂದು ಮಿಲಿಸೆಕೆಂಡಿನಲ್ಲಿ ನಲವತ್ತಕ್ಕೂ ಹೆಚ್ಚು ಸುತ್ತು. ಎಂಥ ಚುರುಕು ಬೆರಳಿಗೂ ಬೇಕಾದ ಮುಖ ಹಿಡಿಯಲಾಗದು. ಸಂಖ್ಯೆ ನಿಶ್ಚಯವಾದ ಮೇಲೆ ದೀಪಗಳನ್ನು ಒಂದು ಸೆಕೆಂಡು ಓಡಿಸಿ, ನಿಧಾನಿಸಿ, ನಿಲ್ಲಿಸಿದರೆ ಉರುಳಿದ ಹಾಗೇ ಕಾಣುತ್ತದೆ. ಗುಂಡಿ ಒತ್ತಿದಾಗ ಒಳಗಿನ ಲೋಹ ಹಲವು ಸಲ ಅದುರಿ ಕೂರುವ ತೊಂದರೆಯೂ ಅಷ್ಟರಲ್ಲಿ ಕಳೆದಿರುತ್ತದೆ.

ಅಂದಿನಿಂದ, ದೀಪ ಉರಿದ ಮಾತ್ರಕ್ಕೆ ಯಾವ ಗುಂಪಿಗೂ ನಾನು 'ಆಯ್ತು' ಅನ್ನುವುದಿಲ್ಲ. 600 ಸಲ ಒತ್ತಿ, ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಬೇಕು. ನಾಲ್ಕು ಮಕ್ಕಳು ಹಂಚಿಕೊಂಡರೆ ತಲೆಗೆ 150. ಪ್ರತಿ ಮುಖವೂ ಸರಿಯಾಗಿ 100 ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. 85, 112 ಇಂಥವೆಲ್ಲ ಸಹಜ. ಯಾವುದಾದರೂ ಮುಖ 70ಕ್ಕಿಂತ ಕೆಳಗಿಳಿದರೆ ಅಥವಾ 130 ದಾಟಿದರೆ ಪ್ರೋಗ್ರಾಂ ತೆರೆದು ನೋಡಿ. ಕೊನೆಗೆ, ಕರೆಂಟು ತೆಗೆದು ಕೊಟ್ಟು ಹತ್ತು ಸಲ ಮಾಡಿ, ಪ್ರತಿ ಸಲ ಮೊದಲು ಬಿದ್ದ ಸಂಖ್ಯೆಯನ್ನು ಬರೆದಿಡಿ. ಹತ್ತೂ ಒಂದೇ ಆಗಿದ್ದರೆ, ಒಳಗೆ ಬೀಜ ಕೊಡದ 'ರ‍್ಯಾಂಡಮ್' ಕೂತಿದೆ ಎಂದೇ ಲೆಕ್ಕ.